ಗಾಜಿನ ಜಾಡಿ, ಪಿಂಗಾಣಿ ತಟ್ಟೆ, ಮಣ್ಣಿನ ಪರಾತ: ಕಲಬುರಗಿ ಬಿಸಿಲಲ್ಲಿ ಮೂರು ಪುಟಾಣಿ ತೋಟ

ಹೋದ ವರ್ಷ ದಸರೆ ಸೂಟಿಯಲ್ಲಿ ಮಗಳು ಫೇರಿ ಗಾರ್ಡನ್ ಬೇಕೆಂದು ಹಟ ಹಿಡಿದಳು. ರೆಕ್ಕೆಯ ಕಿನ್ನರಿ, ಅಣಬೆಯಂಥ ಮನೆ, ಮುಂದೆ ಹಸಿರು ಅಂಗಳ. ಒಂದರ ಬದಲು ಮೂರು ಮಾಡಿದೆ. ಚೆಂದ ಕಾಣುವುದು ದೊಡ್ಡ ಮಾತಲ್ಲ, ನಮ್ಮ ಕಲಬುರಗಿಯ ಮೇ ತಿಂಗಳನ್ನು ಯಾವುದು ದಾಟುತ್ತದೆ ಎಂಬುದೇ ನನಗೆ ಬೇಕಿತ್ತು.

ಮೊದಲನೆಯದು ಮುಚ್ಚಳದ ಗಾಜಿನ ಜಾಡಿ. ಒಳಗೆ ಪಾಚಿ, ಸಣ್ಣ ಜರಿಗಿಡ, ಕೆಂಪು ನರದ ಫಿಟೋನಿಯಾ. ಎಲೆ ಬಿಟ್ಟ ತೇವ ಗಾಜಿಗೆ ಹನಿಯಾಗಿ ಕೂತು ಮತ್ತೆ ಮಣ್ಣಿಗೇ ಇಳಿಯುತ್ತದೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ ಮುಚ್ಚಿದ ಬಾಟಲಿಯಲ್ಲಿ ಜರಿಗಿಡ ತಾನಾಗಿ ಮೊಳೆತದ್ದನ್ನು ಕಂಡದ್ದು ಇದೇ ಲೆಕ್ಕದಿಂದ. ಮೂರು ವಾರ ನೀರು ಹಾಕದಿದ್ದರೂ ಜಾಡಿ ಹಸಿರಾಗಿತ್ತು. ಆದರೆ ಏಪ್ರಿಲ್‌ನಲ್ಲಿ ಒಂದು ದಿನ ಸಂಜೆಬಿಸಿಲು ಕಿಟಕಿಯಿಂದ ಒಂದು ತಾಸು ಅದರ ಮೇಲೆ ಬಿತ್ತು. ಮುಚ್ಚಿದ ಗಾಜಿನೊಳಗಿನ ಕಾವು ಹೊರಗೆ ಹೋಗಲು ದಾರಿ ಇಲ್ಲ. ಮರುದಿನ ನೋಡಿದರೆ ಫಿಟೋನಿಯಾ ಬೇಯಿಸಿದ ಸೊಪ್ಪಿನ ಹಾಗೆ ಗಾಜಿಗೆ ಅಂಟಿತ್ತು. ಬೋರ್‌ವೆಲ್ ನೀರು ಸಿಂಪಡಿಸಿದ್ದರಿಂದ ಪಾಚಿಯ ಮೇಲೆ ಬಿಳಿ ಉಪ್ಪೂ ಕಟ್ಟಿತ್ತು. ಶೋಧಿಸಿದ ನೀರು, ಇಲ್ಲವೇ ಮಳೆನೀರೇ ಆಗಬೇಕು. ಎಸಿ ಇರುವ ಆಫೀಸಿನ ಮೇಜಿಗೆ ಕೊಡುವುದಾದರೆ ನಾನು ಈಗಲೂ ಇದನ್ನೇ ಕೊಡುತ್ತೇನೆ. ನಮ್ಮಂಥ ಮನೆಗೆ ಬೇಡ.

ಎರಡನೆಯದು ಪಿಂಗಾಣಿ ತಟ್ಟೆಯಲ್ಲಿ ಸಕ್ಯುಲೆಂಟ್‌ಗಳ, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡಗಳ ಗುಡ್ಡ. ಗುಲಾಬಿಯಾಕಾರದ ಎಚಿವೇರಿಯಾ ನೋಡಿ ಮರುಳಾಗಿ ನಾಲ್ಕು ತಂದಿದ್ದೆ. ಅದು ಮೂಲತಃ ಮೆಕ್ಸಿಕೋ ಕಡೆಯ ಗುಡ್ಡಗಾಡಿನ ಗಿಡ, ಅದಕ್ಕೆ ತಂಪು ರಾತ್ರಿ ಬೇಕು. ನಮ್ಮಲ್ಲಿ ಬೇಸಿಗೆಯ ರಾತ್ರಿ ಹತ್ತಾದರೂ ಮಾಳಿಗಿ ಕಾದೇ ಇರುತ್ತದೆ. ನೆರಳಿಗಿಟ್ಟರೆ ಕತ್ತು ಉದ್ದ ಮಾಡಿತು, ಬಿಸಿಲಿಗಿಟ್ಟರೆ ಅಂಚು ಸುಟ್ಟಿತು. ಉಳಿದದ್ದು ಹಾವರ್ಥಿಯಾ ಎಂಬ ಇನ್ನೊಂದು ಸಕ್ಯುಲೆಂಟ್ ಒಂದೇ, ಅದೂ ಬಾಗಿಲ ನೆರಳಲ್ಲಿ. ತಟ್ಟೆಗೆ ತಳದಲ್ಲಿ ತೂತಿಲ್ಲ. ಮಳೆಗಾಲದಲ್ಲಿ ಬೇರು ಕೊಳೆಯಿತು. ಅಳತೆಯೂ ಕೂಡಿಬರಲಿಲ್ಲ: ಮೂರು ಇಂಚಿನ ಮನೆಯ ಪಕ್ಕ ನಾಲ್ಕು ಇಂಚಿನ ಗಿಡ ನಿಂತರೆ ಊರು ಕಾಣುವುದಿಲ್ಲ, ಗಿಡವಷ್ಟೇ ಕಾಣುತ್ತದೆ.

ಮೂರನೆಯದು ಮಣ್ಣಿನ ಪರಾತದಲ್ಲಿ ನಮ್ಮ ಕಡೆಯ ಊರಿನ ನೋಟ. ಅದಕ್ಕೆ ಅಳತೆಯಿಂದಲೇ ಶುರುಮಾಡಿದೆ. ಒಂದು ಅಡಿಗೆ ಅರ್ಧ ಇಂಚು, ಅಂದರೆ 24ರಲ್ಲಿ ಒಂದು ಪಾಲು. ಹನ್ನೆರಡು ಅಡಿಯ ಅಗಸಿ (ಊರ ಹೆಬ್ಬಾಗಿಲು) ಆರು ಇಂಚು, ಎರಡು ಅಡಿಯ ಕಟ್ಟಿ ಒಂದು ಇಂಚು, ಇಪ್ಪತ್ತಡಿಯ ಬೇವಿನಮರ ಹತ್ತು ಇಂಚು. ಕುಂಬಾರರಿಂದ ಅಗಲವಾದ ಮಣ್ಣಿನ ಪರಾತ ತಂದು, ತಳಕ್ಕೆ ಮೂರು ತೂತು ಹಾಕಿದೆ.

ಅಗಸಿಗೆ ಕಲ್ಲು ಬಂದದ್ದು ಬೀದರಿನ ತವರಿನಿಂದ. ಅಲ್ಲಿ ಮನೆ ಕಟ್ಟುವವರು ಉಳಿಸಿದ್ದ ಕೆಂಪು ಜಂಬಿಟ್ಟಿಗೆ ಕಲ್ಲಿನ ಚೂರು. ಬೀದರ ಕೋಟೆಯ ಗೋಡೆಗಳಲ್ಲಿ ಕಾಣುವುದೂ ಇದೇ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಹಾಗಾಗಿ ಗರಗಸದ ಬ್ಲೇಡಿನಿಂದಲೇ ಕಮಾನು ಕೊರೆಯಲು ಬಂತು. ಅಂಗೈಯೆಲ್ಲ ಕೆಂಪು ಪುಡಿ. ಓಣಿಗೆ ಶಹಾಬಾದ ಫರಸಿ. ಪದರ ಪದರವಾಗಿ ಬಿಡುವ ಕಲ್ಲು, ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ಬಡಿದರೆ ಉಗುರಿನಷ್ಟು ತೆಳು ಚೂರು ಎದ್ದು ಬರುತ್ತದೆ.

ಮಣ್ಣಿನಲ್ಲಿ ಮಾತ್ರ ತಪ್ಪಿದೆ. ಊರ ನೋಟಕ್ಕೆ ಊರ ಮಣ್ಣೇ ಇರಲೆಂದು ತೊಗರಿ ಹೊಲದ ಕಪ್ಪು ಎರಿ ಮಣ್ಣು ತುಂಬಿದೆ. ನೀರು ಬಿದ್ದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣದು. ಹದಿನೈದೇ ದಿನಕ್ಕೆ ಬೆರಳು ಹೋಗುವಷ್ಟು ಬಿರುಕು ಅಗಸಿಯ ಕೆಳಗೇ ಹಾದು, ಎಡಗಂಬ ಒಳಕ್ಕೆ ವಾಲಿತು. ಎಲ್ಲ ತೆಗೆದು ಕೆಂಪು ಮಣ್ಣು, ದಪ್ಪ ಮರಳು, ಕಾಂಪೋಸ್ಟ್ ಸಮಪಾಲು ಮಾಡಿ, ತಳಕ್ಕೆ ಇಟ್ಟಂಗಿ ಚೂರು ಹಾಸಿ ಮತ್ತೆ ಕಟ್ಟಿದೆ. ಆಮೇಲೆ ಅಲುಗಲಿಲ್ಲ.

ಮರಕ್ಕೆ ಬಳಸಿದ್ದು ನರ್ಸರಿಗಳಲ್ಲಿ ಜೇಡ್ ಎಂದು ಮಾರುವ ಸಣ್ಣೆಲೆಯ ಪೋರ್ಚುಲಕೇರಿಯಾ. ಕೆಳಗಿನ ಟೊಂಗೆ ಸವರಿ, ತುದಿ ಚಿವುಟುತ್ತ ಹೋದರೆ ಆರು ತಿಂಗಳಲ್ಲಿ ಬೊಡ್ಡೆ, ನೆರಳು ಎರಡೂ ಬರುತ್ತವೆ. ಮೇ ತಿಂಗಳಲ್ಲಿ ಪರಾತ ಹೊರಗೇ ಇತ್ತು, ಮಧ್ಯಾಹ್ನಕ್ಕೆ ಹಸಿರು ಬಲೆಯ ನೆರಳಷ್ಟೇ. ಮೂರು ದಿನಕ್ಕೊಮ್ಮೆ ನೀರು. ಎಲೆ ತುಸು ಸುಕ್ಕಾದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಬಣ್ಣದ ರೆಸಿನ್ ಅಣಬೆಮನೆ ಅದೇ ಬಿಸಿಲಿಗೆ ಬೆಳ್ಳಗಾಗಿ ಸಿಪ್ಪೆ ಬಿಟ್ಟಿತ್ತು.

ಖರ್ಚು ನನಗೆ ಬಿದ್ದದ್ದು ಜಾಡಿಗೆ 1,400 ರೂಪಾಯಿ, ಪಿಂಗಾಣಿ ತಟ್ಟೆಗೆ 1,100, ಪರಾತಕ್ಕೆ 380. ನಮ್ಮ ಸೀಮೆಯಲ್ಲಿ ಹೊಸದಾಗಿ ಮಾಡುವವರಿಗೆ ನಾನು ಹೇಳುವುದು ಪರಾತವನ್ನೇ. ಮಗಳೂ ಒಪ್ಪಿದಳು, ಒಂದೇ ಷರತ್ತಿನ ಮೇಲೆ: ಅವಳ ಕಿನ್ನರಿ ಈಗ ಬೇವಿನಮರದ ಕಟ್ಟಿ ಮೇಲೆ ಕಾಲು ಇಳಿಬಿಟ್ಟು ಕೂತಿದೆ.

ಅವ್ವ ಮೊನ್ನೆ ಬಂದವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಅಗಸಿ ಅದ, ಕಟ್ಟಿ ಅದ. ಎಮ್ಮಿ ಕಟ್ಟಲಿಕ್ಕ ಜಾಗ ಎಲ್ಲದವಾ?" ಅಂದಳು. ದನಕ್ಕೆ ಮೇವು ಹಾಕುವ ಗ್ವಾದಲಿಯೊಂದು, ಮಣ್ಣಿನದು, ಮೂರು ಇಂಚಿನದು, ಈಗ ಮಾಳಿಗಿ ಮೇಲೆ ಒಣಗುತ್ತಿದೆ.