ತೋಟದ ಆಫೀಸಿನಲ್ಲಿ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ: ಕೊಡಗಿನ ಮಳೆಗಾಲದ ಬಳಕೆ

4 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ ಇರುವ ಹಳೆ ಲ್ಯಾಪ್‌ಟಾಪಿಗೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಹೊಂದುತ್ತದೆ. ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ), ಬ್ಯಾಂಕ್, ಮೇಲ್, ಆಗೊಂದು ಈಗೊಂದು ಅರ್ಜಿ: ತೋಟದ ಆಫೀಸಿಗೆ ಇದು ಧಾರಾಳ. ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದಿಡುವ ಅಭ್ಯಾಸವಿದ್ದರೆ 8 ಜಿಬಿ ಬೇಕೇ ಬೇಕು. ಲೆಕ್ಕವೆಲ್ಲ ಟ್ಯಾಲಿಯಲ್ಲೇ ಇದ್ದರೆ ವಿಂಡೋಸ್ ಬಿಡಬೇಡಿ. ವಿಂಡೋಸ್ ಆ್ಯಪ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ಅದನ್ನು ಓಡಿಸುವ ಸಾಹಸ ಸಂಬಳದ ವಾರದಲ್ಲಿ ಕೈಕೊಡುತ್ತದೆ.

ಮಿಂಟ್‌ನ ನಿಜವಾದ ಪರೀಕ್ಷೆ ಜೂನ್‌ನಿಂದ ಶುರು. ಮರ ಬಿದ್ದು ಲೈನ್ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿದ್ದರೆ, ಡಿಸ್ಕಿಗೆ ಬರೆಯುತ್ತಿರುವಾಗಲೇ ಎಲ್ಲವೂ ಆರಿಹೋಗುತ್ತದೆ. ಮಿಂಟ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಎಕ್ಸ್ಟ್4 ವ್ಯವಸ್ಥೆ ತನ್ನ ಜರ್ನಲ್ (ಬರವಣಿಗೆಯ ದಾಖಲೆ) ನೋಡಿಕೊಂಡು ಬಹುತೇಕ ತಾನೇ ಸರಿಪಡಿಸಿಕೊಳ್ಳುತ್ತದೆ. ಆಗದಿದ್ದಾಗ ಕಪ್ಪು ಪರದೆಯಲ್ಲಿ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂಬ ಪದ ಕಾಣಿಸಿ ಯಂತ್ರ ಅಲ್ಲೇ ನಿಲ್ಲುತ್ತದೆ. ಗಾಬರಿಬಿದ್ದು ಎಲ್ಲವನ್ನೂ ಹೊಸದಾಗಿ ಹಾಕಲು ಹೊರಡಬೇಡಿ. ‘ಎಕ್ಸಿಟ್’ ಎಂದು ಟೈಪಿಸಿದರೆ ಡಿಸ್ಕಿನ ಯಾವ ವಿಭಾಗ (ಪಾರ್ಟಿಶನ್) ಕೆಟ್ಟಿದೆಯೆಂದು ಅದೇ ಹೇಳುತ್ತದೆ, ಸಾಮಾನ್ಯವಾಗಿ ಎಸ್‌ಡಿಎ2. ಎಫ್‌ಎಸ್‌ಸಿಕೆ ಆದೇಶಕ್ಕೆ ಹೈಫನ್-ವೈ ಸೇರಿಸಿ, ಆ ವಿಭಾಗದ ಪೂರ್ತಿ ಹೆಸರು ಕೊಟ್ಟು (fsck -y /dev/sda2 ಹೀಗೆ) ಎಂಟರ್ ಒತ್ತಿ. ಮುಗಿದ ಮೇಲೆ ರೀಬೂಟ್. ಇದು ಮತ್ತೆ ಮತ್ತೆ ಬಂದರೆ ಡಿಸ್ಕೇ ಸಾಯುತ್ತಿರಬಹುದು, ‘ಡಿಸ್ಕ್ಸ್’ ಆ್ಯಪ್‌ನಲ್ಲಿ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ನೋಡಿ. ಹೊಸ ಬ್ಯಾಟರಿಗೆ ಹಾಕುವ ದುಡ್ಡು ದಂಡವಲ್ಲ.

ಮಿಂಟ್‌ನ ಜೊತೆ ಬರುವ ಆಫೀಸ್ ತಂತ್ರಾಂಶ ಲಿಬ್ರೆಆಫೀಸಿನ ಆಟೋರಿಕವರಿ (ತಾನಾಗಿ ಉಳಿಸಿಕೊಳ್ಳುವ ಸೌಲಭ್ಯ) ಮೂಲದಲ್ಲಿ 10 ನಿಮಿಷಕ್ಕೊಮ್ಮೆ ಎಂದಿರುತ್ತದೆ. ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ 2 ನಿಮಿಷಕ್ಕೆ ಇಳಿಸಿ. ಇಲ್ಲದಿದ್ದರೆ ಕಾಫಿ ಕುಯ್ಲಿನ ದಿನ ಅರ್ಧ ಪುಟದ ಹಾಜರಿ ಮತ್ತೆ ಬರೆಯುವ ಪಾಡು.

ವ್ಯವಸ್ಥೆಯ ಹಿಂದಿನ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಡುವ ಟೈಮ್‌ಶಿಫ್ಟ್ ಒಳ್ಳೆಯದೇ, ಆದರೆ ಚಿಕ್ಕ ಎಸ್‌ಎಸ್‌ಡಿಯನ್ನು ಸದ್ದಿಲ್ಲದೆ ತುಂಬಿಸಿಬಿಡುತ್ತದೆ. ಎರಡೇ ಸ್ನ್ಯಾಪ್‌ಶಾಟ್ ಉಳಿಸಿಕೊಳ್ಳುವಂತೆ ಮಿತಿ ಹಾಕಿ. ನೀವಾಗಿ ಸೇರಿಸದ ಹೊರತು ಅದು ನಿಮ್ಮ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಹಾಗಾಗಿ ಚೆಕ್‌ರೋಲಿನ ಒಂದು ನಕಲು ಪೆನ್‌ಡ್ರೈವಿನಲ್ಲಿ ಬೇರೆಯೇ ಇರಲಿ.

ಇನ್‌ಸ್ಟಾಲ್ ಆದ ಮೇಲೆ ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಫೋನಿನ ನೆಟ್ ಹಂಚುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನಂತರ ಡ್ರೈವರ್ ಮ್ಯಾನೇಜರ್ ತೆರೆಯಿರಿ. ವ್ಯವಸ್ಥೆಯ ತಿರುಳಾದ ಕರ್ನಲ್‌ನ ಅಪ್‌ಡೇಟ್‌ಗಳು ದೊಡ್ಡವು. ಅವನ್ನು ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋದಾಗ ಒಳ್ಳೆ ನೆಟ್‌ನಲ್ಲಿ ಇಳಿಸಿಕೊಳ್ಳಿ.

ಕನ್ನಡ ಟೈಪಿಸಲು ಐಬಸ್-ಎಂ17ಎನ್ ಎಂಬ ಕೀಲಿಮಣೆ ತಂತ್ರಾಂಶ ಹಾಕಿ, ಲಾಗ್‌ಔಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಜಿಪಿ ಸೇರಿಸಿದರೆ ನುಡಿ ಕೀಲಿಮಣೆಯೇ ಸಿಗುತ್ತದೆ. ಯುನಿಕೋಡ್ ಅಲ್ಲದ ಹಳೆ ನುಡಿ ಕಡತಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು.

ಮಿಂಟ್‌ನ 22ನೇ ಆವೃತ್ತಿಗೆ ಬೆಂಬಲ 2029ರವರೆಗೆ ಇದೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಹಳೆ ಲೇಸರ್ ಪ್ರಿಂಟರ್‌ಗಳದ್ದು: ಡ್ರೈವರ್ ಸಿಕ್ಕರೂ ಒಂದು ಅಪ್‌ಡೇಟ್ ಆದ ಮೇಲೆ ಮುದ್ರಿಸಲು ಒಲ್ಲೆ ಎನ್ನುತ್ತವೆ. ಹೊಸದು ಕೊಳ್ಳುವುದಾದರೆ ಡ್ರೈವರ್ ಇಲ್ಲದೆ ನಡೆಯುವ ಏರ್‌ಪ್ರಿಂಟ್ ಬೆಂಬಲವಿದೆಯೇ ಎಂದು ಅಂಗಡಿಯಲ್ಲೇ ಕೇಳಿ.