‘ಎಸಿ ಗ್ಯಾಸ್ ಖಾಲಿ’ ಅಂದವರಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಉಡುಪಿ, ಮಂಗಳೂರು ಕಡೆ ಸೆಕೆ ಶುರುವಾದರೆ ಎಸಿ ರಿಪೇರಿಯವರಿಗೆ ಬಿಡುವೇ ಇಲ್ಲ. ಅವರಲ್ಲಿ ಒಳ್ಳೆಯ ಕೆಲಸಗಾರರೂ ಇದ್ದಾರೆ. ‘ಗ್ಯಾಸ್ ಖಾಲಿ’ ಎಂಬ ಒಂದೇ ಮಾತಿನಲ್ಲಿ ಸೀಸನ್ ಕಳೆಯುವವರೂ ಇದ್ದಾರೆ. ನಮ್ಮ ಮನೆಯಿಂದ ಹೀಗೆ ಹೋದದ್ದು ಹತ್ತಿರ ಹತ್ತಿರ ಏಳು ಸಾವಿರ ರೂಪಾಯಿ. ಇನ್ನೂ ಹದಿನಾರು ಸಾವಿರ ಹೋಗುವುದರಲ್ಲಿತ್ತು.

ಎಸಿಯ ಗ್ಯಾಸ್ ಓಡಿಸಿದ ಹಾಗೆ ಮುಗಿಯುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಒಳಗಿನ ಕಾಯಿಲ್‌ನಲ್ಲಿ, ಅಂದರೆ ಮಡಚಿ ಮಡಚಿ ಕೂರಿಸಿದ ಪೈಪಿನಲ್ಲಿ, ಆವಿಯಾಗಿ ಕೋಣೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಹೊರಗಿನ ಯೂನಿಟ್‌ನಲ್ಲಿ ಮತ್ತೆ ದ್ರವವಾಗಿ ಆ ಬಿಸಿಯನ್ನು ಬಿಟ್ಟುಬಿಡುತ್ತದೆ. ಪೈಪು, ಜಾಯಿಂಟ್ ಸರಿ ಇದ್ದರೆ ಹತ್ತು ವರ್ಷ ಓಡಿದರೂ ತುಂಬಿಸುವ ಪ್ರಶ್ನೆ ಬರುವುದಿಲ್ಲ. ಕಡಿಮೆ ಆಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸಿದರೆ ಅದೂ ಅದೇ ದಾರಿಯಲ್ಲಿ ಹೋಗುತ್ತದೆ, ಅಷ್ಟೇ.

ನಮ್ಮ ಮನೆ ಮಲ್ಪೆಯ ಹತ್ತಿರ. ಮಾವನ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕಿಸಿದ್ದೆವು, ಆರ್32 ಗ್ಯಾಸಿನದ್ದು. ಏನೋ ಹೆಚ್ಚುಕಡಿಮೆ ಆಗಿದೆ ಎಂದು ಮೊದಲು ಗೊತ್ತಾದದ್ದು ಮಾವನಿಗೆ. ತಂಪು ಸಾಲದೆ ಅಲ್ಲ. ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟು ಆ ನೀರನ್ನು ಅವರು ಮಲ್ಲಿಗೆ ಗಿಡಕ್ಕೆ ಹಾಕುತ್ತಾರೆ. “ಬಕೆಟ್ ತುಂಬುವುದೇ ಇಲ್ಲ ಮಾರಾಯ್ತಿ, ಎಸಿಗೆ ಎಂತದೋ ಆಗಿದೆ” ಅಂದರು. ಅವರ ಅಂದಾಜು ಸರಿಯಾಗಿತ್ತು. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಅಂಶ ಅಷ್ಟು ಜಾಸ್ತಿ ಇರುವಾಗ, ಸರಿಯಾಗಿ ಓಡುವ ಎಸಿ ರಾತ್ರಿಯಿಡೀ ತೊಟ್ಟಿಕ್ಕಲೇಬೇಕು. ಡ್ರೈನ್ ಕಟ್ಟಿಕೊಂಡಿಲ್ಲ, ಗೋಡೆಗೂ ನೀರು ಇಳಿಯುತ್ತಿಲ್ಲ, ಆದರೂ ಹನಿ ಕಡಿಮೆ ಎಂದರೆ ಕಾಯಿಲ್ ಪೂರ್ತಿ ತಣ್ಣಗಾಗುತ್ತಿಲ್ಲ.

ಕಂಪನಿಯ ಹೆಸರಿನ ಜೊತೆ ‘ಉಡುಪಿ ಸರ್ವಿಸ್’ ಅಂತ ಫೋನಿನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ನಂಬರಿಗೆ ಕರೆ ಮಾಡಿದ್ದು. ಎತ್ತಿದವರು ಕಂಪನಿಯ ಹೆಸರನ್ನೇ ಹೇಳಿದರು. ಬಂದವನ ಅಂಗಿಯೂ ಹೆಚ್ಚುಕಡಿಮೆ ಕಂಪನಿಯ ಬಣ್ಣದ್ದೇ. ಅದು ಕಂಪನಿಯೇ ಅಲ್ಲ ಎಂದು ಗೊತ್ತಾದದ್ದು ಬಹಳ ತಡವಾಗಿ, ವಾರಂಟಿ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ. ನಮ್ಮ ಹೆಸರಿನಲ್ಲಿ ಒಂದು ಕಂಪ್ಲೇಂಟೂ ಅವರ ಪುಸ್ತಕದಲ್ಲಿ ಇರಲಿಲ್ಲ.

ಅವನು ಮಾಡಿದ ಕೆಲಸ ಇಷ್ಟು. ಎಸಿ ಆಫ್ ಇರುವಾಗಲೇ ಹೊರಗಿನ ಯೂನಿಟ್‌ಗೆ ಗೇಜ್, ಅಂದರೆ ಒತ್ತಡ ತೋರಿಸುವ ಮುಳ್ಳಿನ ಮೀಟರ್, ಸಿಕ್ಕಿಸಿದ. “ನೋಡಿ ಮೇಡಂ, ಮುಳ್ಳು ಎಲ್ಲಿದೆ, ಗ್ಯಾಸ್ ಇಲ್ಲ” ಎಂದ. ಒಂದು ಸಣ್ಣ ಸಿಲಿಂಡರ್ ತಲೆಕೆಳಗು ಮಾಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಸಿಲಿಂಡರಿನ ಲೇಬಲ್ ಕಿತ್ತು ಹೋಗಿತ್ತು. ತೂಕದ ಯಂತ್ರ ಇಲ್ಲ, ಪಂಪ್ ಇಲ್ಲ, ಬಿಲ್ ಕೂಡ ಇಲ್ಲ. ಮೂರೂವರೆ ಸಾವಿರ ಜಿಪೇ ಮಾಡಿಸಿಕೊಂಡು ಹೋದ.

ಮುಳ್ಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರನ್ನು ನಂಬಿಸುವುದು ಅದೇ ಮುಳ್ಳು. ನಿಂತ ಎಸಿಯಲ್ಲಿ ಗೇಜ್ ತೋರಿಸುವ ಒತ್ತಡ, ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ, ಹೊರಗಿನ ಬಿಸಿಯನ್ನು ಅವಲಂಬಿಸಿರುತ್ತದೆ. 30 ಡಿಗ್ರಿ ಇದ್ದರೆ ಆರ್32ರಲ್ಲಿ ಸುಮಾರು 265 ಪಿಎಸ್ಐ, ಹಳೆಯ ಆರ್22ರಲ್ಲಿ ಸುಮಾರು 158. ಗ್ಯಾಸ್ 800 ಗ್ರಾಂ ಇದ್ದರೂ ಅಷ್ಟೇ, 500 ಗ್ರಾಂ ಇದ್ದರೂ ಅಷ್ಟೇ. ಅಂದರೆ ಆಫ್ ಮಾಡಿ ಮುಳ್ಳು ನೋಡಿದರೆ ಎಷ್ಟು ಗ್ಯಾಸ್ ಇದೆ ಎಂದು ಗೊತ್ತಾಗುವುದಿಲ್ಲ. ಓಡುವಾಗ ನೋಡಿದರೂ ಇನ್ವರ್ಟರ್ ಎಸಿಯಲ್ಲಿ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ವೇಗ ಬದಲಾಗುತ್ತಲೇ ಇರುತ್ತದೆ, ಮುಳ್ಳೂ ಕುಣಿಯುತ್ತಿರುತ್ತದೆ. ಅದಕ್ಕೇ ಎಷ್ಟು ಗ್ರಾಂ ಹಾಕಬೇಕು ಎಂದು ಹೊರಗಿನ ಯೂನಿಟ್‌ನ ಸ್ಟಿಕ್ಕರಿನಲ್ಲೇ ಬರೆದಿರುತ್ತಾರೆ. ನಮ್ಮದರಲ್ಲಿ 780 ಗ್ರಾಂ. ತೂಗಿ ಹಾಕದವನು ಅಂದಾಜಿನಲ್ಲಿ ಹಾಕುತ್ತಾನೆ. ಜಾಸ್ತಿ ಆದರೂ ಕಂಪ್ರೆಸರಿಗೆ ಒಳ್ಳೆಯದಲ್ಲ.

ಸ್ವಲ್ಪ ಸಮಯ ತಂಪು ಬಂತು. ಮತ್ತೆ ಅದೇ ಕಥೆ. ಈ ಸಲ ಕರೆದಾಗ ಅವನ ಹತ್ತಿರ ಉತ್ತರ ರೆಡಿ ಇತ್ತು: “ಕಡಲಿನ ಹತ್ರ ಅಲ್ವಾ ಮೇಡಂ, ಇಲ್ಲೆಲ್ಲ ಗ್ಯಾಸ್ ಬೇಗ ಖಾಲಿ ಆಗ್ತದೆ. ವರ್ಷಕ್ಕೊಮ್ಮೆ ಹಾಕ್ಲಿಕ್ಕೆ ಉಂಟು.” ಪುನಃ ಮೂರೂವರೆ ಸಾವಿರ. ಆಮೇಲೆ ಇನ್ನೊಮ್ಮೆ ಕರೆದಾಗ, ಒಳಗಿನ ಕಾಯಿಲ್ ಪೂರ್ತಿ ಹೋಗಿದೆ, ಹದಿನಾರು ಸಾವಿರ ಆಗುತ್ತದೆ, ಬೇಗ ಮಾಡಿಸದಿದ್ದರೆ ಗ್ಯಾಸ್ ಬ್ಲಾಸ್ಟ್ ಆಗಬಹುದು ಎಂದ. ಅತ್ತೆ ಆ ರಾತ್ರಿ ಕೋಣೆಯ ಕಿಟಕಿ ಎಲ್ಲ ತೆರೆದಿಟ್ಟು ಕುಳಿತರು. ನನಗೆ ಸಿಟ್ಟು ಬಂದದ್ದು ದುಡ್ಡಿಗಿಂತ ಜಾಸ್ತಿ ಈ ಮಾತಿಗೆ.

ಆರ್32 ಹೊತ್ತಿಕೊಳ್ಳಬಲ್ಲ ಗ್ಯಾಸ್, ನಿಜ. ಆದರೆ ಅದಕ್ಕೆ ಗಾಳಿಯಲ್ಲಿ ಒಂದು ಘನ ಮೀಟರಿಗೆ 300 ಗ್ರಾಂನಷ್ಟು ಸೇರಬೇಕು. ಸಾಧಾರಣ ಮಲಗುವ ಕೋಣೆ ಮೂವತ್ತು ಘನ ಮೀಟರ್ ಇರುತ್ತದೆ. ಯಂತ್ರದಲ್ಲಿರುವ ಗ್ಯಾಸ್ ಎಲ್ಲ ಒಳಗೇ ಸೋರಿದರೂ ಆ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲ. ಅಪಾಯ ಇರುವುದು ಸೋರುವ ಜಾಗದ ಪಕ್ಕದಲ್ಲೇ ಬೆಂಕಿ ತಂದಾಗ, ಅದರಲ್ಲೂ ರಿಪೇರಿಯ ಹೊತ್ತಿಗೆ. ಗ್ಯಾಸ್ ತೆಗೆಯದೆ ಪೈಪಿಗೆ ಬೆಸುಗೆಯ ಬೆಂಕಿ ಹಿಡಿಯುವವರನ್ನು ಅಲ್ಲೇ ನಿಲ್ಲಿಸಿ. ಅದು ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ಕೊನೆಗೆ ಪಕ್ಕದ ಮನೆಯವರು ಕಾಪುವಿನ ಒಬ್ಬ ಹುಡುಗನ ನಂಬರ್ ಕೊಟ್ಟರು. ಐಟಿಐ ಕಲಿತವನು. ಅವನು ರಿಕ್ಷಾದಿಂದ ಇಳಿಸಿದ್ದು ಎಸಿ ಗ್ಯಾಸಿನ ಸಿಲಿಂಡರ್ ಅಲ್ಲ, ಪೈಪಿಗೆ ಒತ್ತಡ ಕೊಟ್ಟು ಸೋರುವ ಜಾಗ ಹುಡುಕುವ ನೈಟ್ರೋಜನ್ ಸಿಲಿಂಡರ್. ನನಗೆ ಆಗಲೇ ಅರ್ಧ ನಂಬಿಕೆ ಬಂತು.

ಗೇಜ್ ಮುಟ್ಟುವ ಮೊದಲು ಫಿಲ್ಟರ್ ತೆಗೆದು ನೋಡಿದ. ಆಮೇಲೆ ಎಸಿ ಹಾಕಿ, ಹೊರಗಿನ ಯೂನಿಟ್‌ಗೆ ಸೇರುವ ಎರಡು ಪೈಪುಗಳನ್ನು ಮುಟ್ಟಿ ನೋಡಲು ನನಗೇ ಹೇಳಿದ. ಸಪೂರ ಪೈಪಿನ ಮೇಲೆ ಬಿಳಿ ಐಸ್ ಕಟ್ಟಿತ್ತು, ದಪ್ಪ ಪೈಪು ಒಣಗಿಕೊಂಡೇ ಇತ್ತು, ತಂಪೂ ಇಲ್ಲ. “ಗ್ಯಾಸ್ ಕಡಿಮೆ ಇರುವುದು ಹೌದು ಅಕ್ಕ. ಸರಿ ಇದ್ದರೆ ಎರಡೂ ತಂಪಾಗಿ ದಪ್ಪದ್ದು ಬೆವರಬೇಕು” ಎಂದ. ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿ ಹೋಗದಿದ್ದರೂ ಐಸ್ ಕಟ್ಟುತ್ತದೆ. ಆಗ ಸಾಮಾನ್ಯವಾಗಿ ದಪ್ಪ ಪೈಪಿಗೂ ಐಸ್ ಬರುತ್ತದೆ. ಇದಿಷ್ಟನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು, ಒಂದು ರೂಪಾಯಿ ಖರ್ಚಿಲ್ಲ.

ಒಳಗೆ ಉಳಿದಿದ್ದ ಗ್ಯಾಸನ್ನು ಖಾಲಿ ಸಿಲಿಂಡರಿಗೆ ಎಳೆದು ತೂಗಿದ. 780ರಲ್ಲಿ ಅರ್ಧವೂ ಇರಲಿಲ್ಲ. ಸುಮ್ನೆ ಗಾಳಿಗೆ ಬಿಡಬಹುದಿತ್ತು, ಹೆಚ್ಚಿನವರು ಹಾಗೇ ಮಾಡುತ್ತಾರೆ. ಒಂದು ಕೆಜಿ ಆರ್32 ಗಾಳಿಗೆ ಹೋದರೆ 675 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ ಎಂಬ ಲೆಕ್ಕ ಇದೆ. ಸೆಕೆ ತಡೆಯಲು ಎಸಿ, ಎಸಿಯಿಂದ ಇನ್ನಷ್ಟು ಸೆಕೆ.

ಆಮೇಲೆ ನೈಟ್ರೋಜನ್ ತುಂಬಿಸಿ ಒತ್ತಡವನ್ನು 350 ಪಿಎಸ್ಐ ತನಕ ಏರಿಸಿದ. ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಸ್ವಲ್ಪ ನೀರು ಬೆರೆಸಿ ಬ್ರಶ್‌ನಲ್ಲಿ ಒಂದೊಂದೇ ಜಾಯಿಂಟಿಗೆ ಹಚ್ಚುತ್ತಾ ಹೋದ. ಹೊರಗಿನ ಯೂನಿಟ್‌ನ ನಟ್‌ಗಳಲ್ಲಿ ಏನಿಲ್ಲ. ಗೇಜ್ ಸಿಕ್ಕಿಸುವ ಪಿನ್ನಿನಲ್ಲೂ ಇಲ್ಲ. ಬಹಳ ಮನೆಗಳಲ್ಲಿ ಅಲ್ಲೇ ಸೋರುವುದಂತೆ, ಕ್ಯಾಪ್ ಹಾಕಲು ಮರೆತು ಹೋಗುತ್ತಾರೆ. ಆಮೇಲೆ ಒಳಗಿನ ಯೂನಿಟ್‌ನ್ನು ಗೋಡೆಯಿಂದ ಸ್ವಲ್ಪ ಎತ್ತಿ, ಹಿಂದಿನ ಪೈಪಿನ ಟೇಪ್ ಬಿಚ್ಚಿದ. ಕಪ್ಪು ಫೋಮಿನ ಒಳಗೆ ಎಣ್ಣೆ ಜಿಡ್ಡು, ಅದಕ್ಕೆ ಮೆತ್ತಿಕೊಂಡ ಧೂಳು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವಲ್ಲಿ ಹೀಗೆ ಗುರುತು ಉಳಿಯುತ್ತದೆ. ಬ್ರಶ್ ಮುಟ್ಟಿಸಿದ. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ತಡೆದು ನಟ್ಟಿನ ಅಂಚಿನಲ್ಲಿ ಏಡಿಯ ಬಾಯಿಯ ನೊರೆಯ ಹಾಗೆ ಸಣ್ಣ ಸಣ್ಣ ಗುಳ್ಳೆ ಬಂದು ಗುಂಪಾಗತೊಡಗಿತು. ಒರೆಸಿದರೆ ಮತ್ತೆ ಬರುತ್ತಿತ್ತು.

ಆ ಟೇಪನ್ನು ಎಸಿ ಹಾಕಿಸಿದ ದಿನದಿಂದ ಯಾರೂ ಬಿಚ್ಚಿರಲಿಲ್ಲ. ‘ಕಾಯಿಲ್ ಹೋಗಿದೆ’ ಎಂದವನು ಅಲ್ಲಿ ಕೈಯನ್ನೇ ಹಾಕಿರಲಿಲ್ಲ.

ನಟ್ ಬಿಚ್ಚಿದಾಗ ತಾಮ್ರದ ತುದಿಯಲ್ಲಿ ಕೂದಲಿನಷ್ಟು ಬಿರುಕು. ಫಿಟ್ಟಿಂಗ್ ಮಾಡಿದವರು ಸ್ಪ್ಯಾನರಿನಲ್ಲಿ ಜೋರಾಗಿ ಬಿಗಿದದ್ದು. ಗಟ್ಟಿ ಬಿಗಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಫ್ಲೇರ್ ಮಾಡಿದ, ಅಂದರೆ ನಟ್ಟಿಗೆ ಕೂರಲು ತುದಿ ಅಗಲಿಸಿದ, ತಾಮ್ರ ತೆಳ್ಳಗಿರುತ್ತದೆ, ಸೀಳಿಬಿಡುತ್ತದೆ. ಅದಕ್ಕೆ ಟಾರ್ಕ್ ರೆಂಚ್ ಎಂಬ ಅಳತೆಯ ಸ್ಪ್ಯಾನರ್ ಇದೆ. ಹುಡುಗ ತುದಿ ಕತ್ತರಿಸಿ, ಹೊಸ ಫ್ಲೇರ್ ಮಾಡಿ, ಅದರಿಂದಲೇ ಬಿಗಿದ. ಮತ್ತೆ ನೈಟ್ರೋಜನ್ ತುಂಬಿಸಿ ರಾತ್ರಿ ಹಾಗೇ ಬಿಟ್ಟ. ಬೆಳಗಿನ ತಂಪಿಗೆ ಮುಳ್ಳು ಒಂದು ಚೂರು ಇಳಿಯುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿ ಹೋಗಿದ್ದ. ಅಷ್ಟೇ ಇಳಿದಿತ್ತು.

ಮರುದಿನ ವ್ಯಾಕ್ಯೂಮ್ ಪಂಪ್ ಇಟ್ಟು ಪೈಪಿನೊಳಗಿನ ಗಾಳಿಯನ್ನು ಎಳೆದು, ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ, ಅಂದರೆ ಹತ್ತಿರ ಹತ್ತಿರ ಸೊನ್ನೆಗೆ ಇಳಿಸಿದ. ಈ ಕೆಲಸವನ್ನು ಹಾರಿಸಿ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ತಳ್ಳಿಬಿಡುವವರು ಜಾಸ್ತಿ. ಕರಾವಳಿಯಲ್ಲಂತೂ ಇದನ್ನು ಒಪ್ಪಲೇಬೇಡಿ. ಪೈಪಿನೊಳಗೆ ಸೇರಿದ ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ. ಈಗಿನ ಕಂಪ್ರೆಸರಿನ ಎಣ್ಣೆ ಆ ನೀರನ್ನು ಹೀರಿಕೊಂಡು ಹಾಳಾಗುತ್ತದೆ, ನಿಧಾನಕ್ಕೆ ಕಂಪ್ರೆಸರೂ ಹೋಗುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಮೀಟರ್ ಮತ್ತೆ ಏರುತ್ತದಾ ನೋಡಿ, ಕೊನೆಗೆ ತೂಗಿ 780 ಗ್ರಾಂ ಹಾಕಿದ. ಎಲ್ಲ ಸೇರಿ 4,200 ರೂಪಾಯಿ, ಗ್ಯಾಸಿನ ಹೆಸರು, ತೂಕ ಬರೆದ ಬಿಲ್ಲಿನ ಜೊತೆ.

ಕಡಲಿನ ಗಾಳಿಯ ಮಾತು ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಉಪ್ಪಿನ ಗಾಳಿಗೆ ಕಾಯಿಲಿನ ಸುತ್ತ ಇರುವ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಪುಡಿಯಾಗುತ್ತವೆ, ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡೆ ಇದು ಇದ್ದದ್ದೇ. ಹಾಗಿದ್ದರೂ ತೂತು ಎಲ್ಲಿದೆ ಎಂದು ಗುಳ್ಳೆ ತೋರಿಸಿ ಹೇಳಬೇಕು. ತಾಮ್ರದ ಕಾಯಿಲ್‌ನಲ್ಲಿ ಒಂದೇ ಕಡೆ ತೂತಾದರೆ ಬೆಸುಗೆ ಹಾಕಬಹುದು. ಅಲ್ಲಲ್ಲಿ ತಿಂದುಹೋಗಿದ್ದರೆ ಬದಲಾಯಿಸುವುದೇ ವಾಸಿ. ಹೊರಗಿನ ಯೂನಿಟ್‌ಗೆ ಆಗಾಗ, ಮೇನ್ ಸ್ವಿಚ್ ಆಫ್ ಮಾಡಿ, ಬರೀ ಸಿಹಿನೀರು ಹಾಯಿಸಿ ಉಪ್ಪು ತೊಳೆಯಿರಿ. ಆಸಿಡ್ ಹಾಕಿ ಫಳಫಳ ಮಾಡಿಕೊಡುತ್ತೇನೆ ಎಂದು ಬರುವವರು ಕಾಯಿಲಿನ ಆಯಸ್ಸನ್ನೇ ತೊಳೆದು ಹೋಗುತ್ತಾರೆ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ನೈಟ್ರೋಜನ್ ಇಲ್ಲ ಎಂದು ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ತಂದು ಪೈಪಿಗೆ ಒತ್ತಡ ಕೊಡುವವರಿದ್ದಾರೆ. ಒಳಗಿರುವ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟ ಆಗುತ್ತದೆ. ಸಿಲಿಂಡರಿನ ಮೇಲೆ ಏನು ಬರೆದಿದೆ ಎಂದು ಓದದೆ ಕೆಲಸ ಶುರು ಮಾಡಲು ಬಿಡಬೇಡಿ. ಲೇಬಲ್ ಇಲ್ಲದ ಗ್ಯಾಸಿಗೂ ಇದೇ ಮಾತು.

ಪಕ್ಕದ ಮನೆಯಲ್ಲಿ ಗ್ಯಾಸ್ ಕಡಿಮೆಯೇ ಆಗಿರಲಿಲ್ಲ. ಅವರದ್ದು ಇನ್ವರ್ಟರ್ ಅಲ್ಲದ ಹಳೆಯ ಎಸಿ. ಫ್ಯಾನ್ ತಿರುಗುತ್ತಿತ್ತು, ಕಂಪ್ರೆಸರ್ ಗುಂಯ್ ಎಂದು ಸುಮ್ಮನಾಗುತ್ತಿತ್ತು. ಕಂಪ್ರೆಸರನ್ನು ಸ್ಟಾರ್ಟ್ ಮಾಡಿಸುವ ಕೆಪಾಸಿಟರ್ ಹೋಗಿತ್ತು, ಕೆಲವು ನೂರು ರೂಪಾಯಿಯ ಸಾಮಾನು. ಅವರಿಗೂ ಮೊದಲು ಬಂದವನು ಹೇಳಿದ್ದು ಗ್ಯಾಸ್ ಖಾಲಿ ಅಂತಲೇ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲದಿದ್ದರೂ ಜಿಪೇ ರಶೀದಿ, ಕಾಲ್ ಲಿಸ್ಟ್ ಇಟ್ಟುಕೊಂಡದ್ದು ಉಪಯೋಗಕ್ಕೆ ಬಂತು. ನೀವು ಕರೆಯುವ ಮೊದಲು ವಾರಂಟಿ ಕಾರ್ಡ್ ತೆಗೆದು, ಕಾಯಿಲ್‌ಗೆ ಎಷ್ಟು ವರ್ಷ ಇದೆ ನೋಡಿ, ಅದರಲ್ಲಿ ಅಚ್ಚಾದ ನಂಬರಿಗೇ ಫೋನ್ ಮಾಡಿ. ನಮಗೆ ಸಿಕ್ಕಿದ ಆ ನಂಬರ್ ಈಗಲೂ ಹುಡುಕಿದರೆ ಮೇಲೆಯೇ ಬರುತ್ತದೆ. ಮೊನ್ನೆ ನೋಡಿದಾಗ ಹೆಸರು ಮಾತ್ರ ಬೇರೆ ಕಂಪನಿಯದ್ದಾಗಿತ್ತು.