ಎಂಟು ಜನರ ಹೊರೆ, ಎಂಟು ಹೆಗಲು: ಫೈನಲ್ ಫ್ಯಾಂಟಸಿ 14

ಆಫೀಸು, ಮನೆಗೆಲಸ ಎಲ್ಲ ಮುಗಿಸಿ ರಾತ್ರಿ ಒಂಬತ್ತೂವರೆಗೆ ಕಂಪ್ಯೂಟರಿನ ಮುಂದೆ ಕೂರುವ ನನ್ನಂಥವರು, ಒಂದು ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟ ನೋಡಲು ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಅದು ನಮ್ಮಿಂದ ಎಷ್ಟು ದುಡಿಮೆ ಕೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಆ ದೃಷ್ಟಿಯಿಂದ ಸ್ಕ್ವೇರ್ ಎನಿಕ್ಸ್ ಕಂಪನಿಯ ಫೈನಲ್ ಫ್ಯಾಂಟಸಿ 14 ನನಗೆ ತುಂಬ ಹಿಡಿಸಿದೆ. 2010ರಲ್ಲಿ ಬಂದು ಸೋತ ಈ ಆಟವನ್ನು ನಿರ್ಮಾಪಕ, ನಿರ್ದೇಶಕ ನವೋಕಿ ಯೋಷಿದಾ ಅವರ ತಂಡ ಬುಡದಿಂದ ಕಟ್ಟಿ 2013ರಲ್ಲಿ ಮತ್ತೆ ಬಿಡುಗಡೆ ಮಾಡಿತು.

ಇಲ್ಲಿ ಕೆಲಸ ಹಂಚುವ ಕ್ರಮ ಸ್ಪಷ್ಟವಾಗಿದೆ. ಸಣ್ಣ ಪಾರ್ಟಿಯಲ್ಲಿ, ಅಂದರೆ ನಾಲ್ಕು ಆಟಗಾರರ ತಂಡದಲ್ಲಿ, ಹೊಡೆತ ತಡೆಯಲು ಒಬ್ಬ ಟ್ಯಾಂಕ್, ಗಾಯ ಮಾಯಿಸಲು ಒಬ್ಬ ಹೀಲರ್, ಶತ್ರುವನ್ನು ಹೊಡೆಯಲು ಇಬ್ಬರು. ದೊಡ್ಡ ಪಾರ್ಟಿಯಾದರೆ ಇವರ ಸಂಖ್ಯೆ ಎರಡೆರಡು ಪಟ್ಟಾಗಿ ಎಂಟು ಜನ. ಯಾವ ಪಾತ್ರಕ್ಕೆ ಜನ ಸಾಲದೋ ಆ ಪಾತ್ರ ವಹಿಸಲು ಮುಂದೆ ಬಂದವರಿಗೆ, ಆಟವೇ ಜನರನ್ನು ಸೇರಿಸಿ ಯಾವುದಾದರೊಂದು ಹೋರಾಟಕ್ಕೆ ಕಳಿಸುವ ‘ಡ್ಯೂಟಿ ರೂಲೆಟ್‌’ನಲ್ಲಿ ಹೆಚ್ಚುವರಿ ಬಹುಮಾನವಿದೆ. ಹೊಸ ಸಲಕರಣೆ ಕೊಳ್ಳಲು ಬೇಕಾದ ಟೋಮ್‌ಸ್ಟೋನ್ ಎಂಬ ಆಟದ ನಾಣ್ಯ ವಾರಕ್ಕೆ ಒಂದು ಮಿತಿಗಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ, ದಿನವಿಡೀ ಆಡುವವರ ಜೊತೆ ಹೆಜ್ಜೆ ಹಾಕಲು ನಿದ್ದೆ ಕೆಡಬೇಕಾಗಿಲ್ಲ. ಮುಖ್ಯ ಕಥೆಯ ಡಂಜನ್‌ಗಳಿಗೆ (ತಂಡವಾಗಿ ಹೊಕ್ಕು ದಾಟಬೇಕಾದ ಶತ್ರುಗಳ ತಾಣಗಳಿಗೆ) ಜೊತೆಗಾರರು ಸಿಗದಿದ್ದರೆ ಕಂಪ್ಯೂಟರ್ ನಡೆಸುವ ಪಾತ್ರಗಳೇ ಜೊತೆಗೆ ಬರುತ್ತವೆ.

ಆದರೆ ‘ಸ್ಯಾವೇಜ್’ ಎಂಬ ಕಠಿಣ ರೇಡ್‌ಗೆ, ಅಂದರೆ ಎಂಟು ಜನ ಸೇರಿ ಬಾಸ್ ಎಂಬ ಬಲಿಷ್ಠ ಶತ್ರುವನ್ನು ಎದುರಿಸುವ ಹೋರಾಟಕ್ಕೆ, ಇಳಿದಾಗ ಆಟ ಹಂಚದ ಕೆಲಸವೂ ಬಹಳಷ್ಟಿದೆ ಎಂಬುದು ನನಗೂ ನನ್ನ ಜೊತೆ ಆಡುವ ಏಳು ಜನರಿಗೂ ತಿಳಿಯಿತು. ಎಲ್ಲರಿಗೂ ಹೊಂದುವ ವೇಳೆ ಗೊತ್ತುಮಾಡುವುದು, ಬಾಸ್‌ನ ದಾಳಿಗಳ ಕ್ರಮವನ್ನು ಓದಿ ಬರುವುದು, ನೆಲದ ಮೇಲೆ ಗುರುತು ಹಾಕುವುದು, ಪಾತ್ರಗಳ ಶಕ್ತಿಯನ್ನು ಸ್ವಲ್ಪ ಹೊತ್ತು ಹೆಚ್ಚಿಸುವ ಅಡುಗೆಯನ್ನು ಆಟದೊಳಗೇ ಮಾಡಿಡುವುದು, ಇವೆಲ್ಲವನ್ನೂ ನಮ್ಮ ಟ್ಯಾಂಕ್ ಒಬ್ಬನೇ ಮಾಡುತ್ತಿದ್ದ. ಮೇಲಾಗಿ ಹೋರಾಟದ ನಡುವೆ ಎಲ್ಲರಿಗೂ ಕೂಗಿ ಹೇಳುವವನೂ ಅವನೇ. ಒಂದು ರಾತ್ರಿ ಬಾಸ್‌ಗೆ ಇನ್ನೇನು ಸ್ವಲ್ಪವೇ ಜೀವ ಉಳಿದಿದ್ದಾಗ ಅಡುಗೆಯ ಪರಿಣಾಮದ ಅರ್ಧ ಗಂಟೆಯ ಅವಧಿ ಮುಗಿದದ್ದನ್ನು ಯಾರೂ ಗಮನಿಸಲಿಲ್ಲ, ಪಾರ್ಟಿ ಪೂರ್ತಿ ಸತ್ತಿತು. ಅವನು ರೇಗಲಿಲ್ಲ, “ಇನ್ನು ನನ್ನ ಕೈಲಾಗಲ್ಲ ಕಣ್ರೋ” ಎಂದಷ್ಟೇ ಹೇಳಿ ಹೆಡ್‌ಫೋನ್ ತೆಗೆದ. ಎರಡು ವಾರ ಅವನು ಬರಲಿಲ್ಲ. ತಪ್ಪು ನಮ್ಮದೇ ಆಗಿತ್ತು.

ಅವನು ಮರಳಿದ ಮೇಲೆ ಕೆಲಸ ಹಂಚಿಕೊಂಡೆವು. ಅಡುಗೆಯ ಹೊಣೆ ನನ್ನದಾಯಿತು. ಒಂದರ ಮೇಲೊಂದು ತಿಂದರೆ ಅವಧಿ ಒಂದು ಗಂಟೆಗೆ ಏರುತ್ತದೆ ಎಂಬುದನ್ನು ಆಗಲೇ ಕಲಿತೆ. ದಾಳಿಯ ಸೂಚನೆ ಕೊಡುವ ಕೆಲಸವನ್ನು ಹೀಲರ್ ವಹಿಸಿಕೊಂಡಳು, ಗುರುತುಗಳನ್ನು ಇನ್ನೊಬ್ಬ ಹಾಕಿ ಉಳಿಸಿಟ್ಟ. ಪ್ರತಿ ಸಲವೂ ಆರಂಭಕ್ಕೆ ಮುನ್ನ ಆಟದಲ್ಲೇ ಇರುವ ‘ರೆಡಿ ಚೆಕ್’ ಒತ್ತಿ, ಎಂಟು ಹಸಿರು ಗುರುತು ಕಂಡ ಮೇಲಷ್ಟೇ ಹೆಜ್ಜೆಯಿಡುತ್ತೇವೆ. ಟ್ಯಾಂಕ್ ಈಗ ಹೋರಾಟದ ನಡುವೆ ನಗುವುದು ಕೇಳಿಸುತ್ತದೆ.

ನನಗೆ ಒಪ್ಪಿಗೆಯಾಗದ ಅಂಶ ಒಂದಿದೆ. ಆಟದ ಊರಿನಲ್ಲಿ ಮನೆ ಕೊಂಡವರು 45 ದಿನ ಒಳಗೆ ಕಾಲಿಡದಿದ್ದರೆ ಆ ಮನೆ ನೆಲಸಮವಾಗಬಹುದು. ಬೇಸರವಾದರೆ ಆಟ ಬಿಟ್ಟು ಹೋಗಿ, ಬೇಕೆನಿಸಿದಾಗ ಬನ್ನಿ ಎಂದು ಯೋಷಿದಾ ಅವರೇ ಬಹಿರಂಗವಾಗಿ ಹೇಳಿರುವಾಗ ಈ ನಿಯಮ ಸರಿಹೊಂದುವುದಿಲ್ಲ.

70ನೇ ಹಂತದವರೆಗೆ ಕಾಲಮಿತಿಯಿಲ್ಲದೆ ಉಚಿತವಾಗಿ ಆಡಬಹುದು. ಆದರೆ ಉಚಿತ ಖಾತೆಯವರು ತಾವಾಗಿ ಪಾರ್ಟಿ ಕಟ್ಟಲಾಗದು, ಯಾರಾದರೂ ಕರೆದರೆ ಸೇರಬಹುದು. ಹಾಗಾಗಿ ಗೆಳೆಯರು ಒಟ್ಟಿಗೆ ಶುರುಮಾಡುವುದಾದರೆ ಒಬ್ಬರಾದರೂ ಹಣ ಕೊಟ್ಟ ಖಾತೆಯವರಿರಲಿ.